ಹೊಳೆಯ ನೀರಿನಲ್ಲಿ ಮೀನಿನ ಲೆಕ್ಕ

ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ ಹೊನ್ನಾಳಿಯ ಮಗ್ಗುಲಲ್ಲಿ ಹರಿದುಹೋಗುವ ತುಂಗಭದ್ರೆಯಲ್ಲಾಗಲಿ, ಚನ್ನಗಿರಿ ಸೀಮೆಯ ಸೂಳೆಕೆರೆಯ ವಿಶಾಲ ಜಲರಾಶಿಯಲ್ಲಾಗಲಿ ಮೀನುಗಳೆಷ್ಟಿವೆಯೆಂದು ಅರಿಯಲು, ಬಲೆ ಬೀಸಿ ಸಿಕ್ಕಿದುದನ್ನು ಎಣಿಸುವುದೇ ಬಹುಕಾಲ ನಮ್ಮ ಮುಖ್ಯ ಉಪಾಯವಾಗಿದ್ದಿತು. ಆದರೆ ಪ್ರತಿಯೊಂದು ಮೀನೂ ಲೋಳೆ, ಹುರುಪೆ, ಮಲಗಳ ಮೂಲಕ ತನ್ನ ಜೀವಕೋಶಗಳನ್ನು ನಿರಂತರವಾಗಿ ನೀರಿಗೆ ವಿಸರ್ಜಿಸುವುದರಿಂದ, ಒಂದೆರಡು ಲೀಟರ್ ನೀರನ್ನು ಅತಿಸೂಕ್ಷ್ಮ ರಂಧ್ರಗಳ ಹಾಳೆಯಲ್ಲಿ ಸೋಸಿ, ಅದರಲ್ಲಿ ಉಳಿದ ಡಿಎನ್‌ಎಯನ್ನು ಪ್ರಯೋಗಾಲಯದಲ್ಲಿ ವೃದ್ಧಿಗೊಳಿಸಿ ಓದಿದರೆ, ಅಲ್ಲಿ ಯಾವ ಯಾವ ಜಾತಿಯ ಮೀನುಗಳಿವೆಯೆಂಬುದು ಒಂದನ್ನೂ ನೋಯಿಸದೆಯೆ ಗೋಚರಿಸುತ್ತದೆ. 2008ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಕೊಳದ ನೀರಿನಿಂದಲೇ ಕಪ್ಪೆಯೊಂದರ ಇರವನ್ನು ಕಂಡುಕೊಂಡರು. 2012ರಲ್ಲಿ ಜಪಾನಿನವರು ನೀರಿನ ಡಿಎನ್‌ಎ ಪ್ರಮಾಣಕ್ಕೂ ಸಾಮಾನ್ಯ ಗೆಂಡೆಮೀನಿನ ಒಟ್ಟು ತೂಕಕ್ಕೂ ಸಂಬಂಧವಿದೆಯೆಂದು ತೋರಿಸಿದರು.

ಇಷ್ಟಾದರೂ ಇದು ತಲೆಯೆಣಿಕೆಯಲ್ಲ. ಬಿಸಿಲಿನ ತಾಪಕ್ಕೆ ಡಿಎನ್‌ಎ ಬೇಗನೆ ನಶಿಸುತ್ತದೆ; ಮಳೆಗಾಲದ ಪ್ರವಾಹವು ಅದನ್ನು ತೆಳುಗೊಳಿಸಿ ಮೇಲಿನ ಊರಿನ ಮೀನಿನ ಗುರುತನ್ನು ಕೆಳಗಿನ ಊರಿಗೆ ಒಯ್ಯುತ್ತದೆ; ದೊರೆತ ಗುರುತನ್ನು ಹೋಲಿಸಿ ನೋಡಲು ಸ್ಥಳೀಯ ಜಾತಿಗಳ ಡಿಎನ್‌ಎ ಸಂಗ್ರಹವೂ ಬೇಕು. ಆದಕಾರಣ ಬಲೆಯ ಅನುಭವವನ್ನು ಕೈಬಿಡಲಾಗದು. ನಮ್ಮ ಮೀನುಗಾರರ ತಿಳಿವಳಿಕೆಯನ್ನು ಜೊತೆಗಿಟ್ಟುಕೊಂಡು, ಹೊನ್ನಾಳಿಯ ಹೊಳೆಯಲ್ಲಿ ಪ್ರತಿವರ್ಷ ಬೇಸಗೆಯಲ್ಲಿಯೂ ಮಳೆ ಇಳಿದ ಮೇಲೆಯೂ ಈ ಪರೀಕ್ಷೆ ನಡೆಯಲೆಂದು ಮೀನುಗಾರಿಕೆ ಇಲಾಖೆಯನ್ನು ಕೋರುತ್ತೇನೆ.