ಹುಲ್ಲು ಕಿತ್ತು ಉಳಿಸಿಕೊಂಡ ಮೈದಾನ

ಗಾಲ್ಫ್ ಮೈದಾನಕ್ಕೂ ವಯಸ್ಸಾಗುತ್ತದೆ. ನೆಲದಡಿಯ ಕೊಳವೆ ಸವೆಯುತ್ತದೆ, ಬಸಿಗಾಲುವೆಯಲ್ಲಿ ಹೂಳು ಕಟ್ಟುತ್ತದೆ, ಒಂದು ಕಾಲಕ್ಕೆ ಗಿಡವಾಗಿದ್ದದ್ದು ಹೆಮ್ಮರವಾಗಿ ಹುಲ್ಲಿಗೆ ಬಿಸಿಲು ತಪ್ಪಿಸುತ್ತದೆ. ಬಂಕರ್ ಎಂಬ ಮರಳುಗುಂಡಿಯಿಂದ ಆಟಗಾರ ಚೆಂಡು ಎತ್ತಿದಾಗಲೆಲ್ಲ ಹಿಡಿ ಮರಳು ಚಿಮ್ಮಿ ಅಂಚಿಗೆ ಬೀಳುತ್ತದೆ. ಹತ್ತಾರು ವರ್ಷಗಳಲ್ಲಿ ಆ ಅಂಚೇ ದಿಬ್ಬವಾಗಿಬಿಡುತ್ತದೆ. ಮೇಲೆ ಹಸಿರು ಹಾಸಿರುವುದರಿಂದ ಇದೊಂದೂ ಕಣ್ಣಿಗೆ ಬೀಳುವುದಿಲ್ಲ. ನವೀಕರಣದ ಮಾತೆತ್ತಿದರೆ ‘ಚೆನ್ನಾಗಿಯೇ ಇದೆಯಲ್ಲ’ ಎನ್ನುವವರೇ ಹೆಚ್ಚು.

ಅಂಥವರು ಅಮೆರಿಕದ ಪೈನ್‌ಹರ್ಸ್ಟ್ ಕಡೆ ನೋಡಬೇಕು.

ನಾರ್ತ್ ಕೆರೊಲಿನಾದ ಮರಳುಸೀಮೆಯ ಈ ಊರಿನಲ್ಲಿ ‘ನಂಬರ್ 2’ ಮೈದಾನ ತೆರೆದದ್ದು 1907ರಲ್ಲಿ. ಅದನ್ನು ರೂಪಿಸಿದ ಸ್ಕಾಟ್ಲೆಂಡಿನ ಡೊನಾಲ್ಡ್ ರಾಸ್ 1948ರಲ್ಲಿ ತೀರಿಕೊಳ್ಳುವವರೆಗೂ ತಿದ್ದುತ್ತಲೇ ಇದ್ದರು. ಫೇರ್‌ವೇ ಎಂಬ ಅಗಲವಾದ ಹುಲ್ಲುಹಾದಿ, ಅದರಾಚೆ ಬರೀ ಮರಳು, ಉದುರಿದ ಪೈನ್ ಎಲೆ, ಅಲ್ಲಲ್ಲಿ ವೈರ್‌ಗ್ರಾಸ್ ಎಂಬ ಒರಟು ಹುಲ್ಲಿನ ಬುಡ. ಕುಳಿ ಇರುವ ಗ್ರೀನ್‌ಗಳೋ ಬೋರಲು ಹಾಕಿದ ಬಾಣಲೆಯಂತೆ. ಗುರಿ ತುಸು ತಪ್ಪಿದರೂ ಚೆಂಡು ಜಾರಿ ಕೆಳಗೆ.

ರಾಸ್ ಹೋದ ಮೇಲೆ ಎಲ್ಲೆಡೆ ಬರ್ಮುಡಾ ಹುಲ್ಲು ಹಬ್ಬಿತು, ಸ್ಪ್ರಿಂಕ್ಲರ್ ಸಾಲುಗಳು ಹೆಚ್ಚಿದವು, ಫೇರ್‌ವೇ ಕಿರಿದಾಯಿತು. 1999 ಮತ್ತು 2005ರ ಯು.ಎಸ್. ಓಪನ್ ಟೂರ್ನಿಗಳು ಇಲ್ಲೇ ನಡೆದವು, ನಿಜ. ಹೆಸರು ಉಳಿದಿತ್ತು, ಚಹರೆ ಅಳಿಸಿಹೋಗಿತ್ತು.

2010ರಲ್ಲಿ ವಿನ್ಯಾಸಕಾರ ಬಿಲ್ ಕೂರ್ ಮತ್ತು ಎರಡು ಬಾರಿ ಮಾಸ್ಟರ್ಸ್ ಟೂರ್ನಿ ಗೆದ್ದಿದ್ದ ಬೆನ್ ಕ್ರೆನ್‌ಶಾ ಕೆಲಸಕ್ಕೆ ಇಳಿದರು. ಮೈದಾನ ಮೊದಲು ಹೇಗಿತ್ತೆಂಬುದನ್ನು 1943ರ ವೈಮಾನಿಕ ಚಿತ್ರಗಳು ತೋರಿಸಿದವು. ಅದಕ್ಕಿಂತ ಗಟ್ಟಿ ಸಾಕ್ಷಿ ನೆಲದೊಳಗೇ ಇತ್ತು: ಫೇರ್‌ವೇಗಳ ನಟ್ಟನಡುವೆ ಹಾದುಹೋದ ರಾಸ್ ಕಾಲದ ಒಂಟಿ ನೀರಿನ ಕೊಳವೆ. ಅದರ ಜಾಡು ಹಿಡಿದರೆ ಮೂಲ ಫೇರ್‌ವೇಯ ನಡುಗೆರೆ ಸಿಗುತ್ತಿತ್ತು. ಆ ಕೊಳವೆಯ ನೀರು ಚಿಮ್ಮುವಷ್ಟು ದೂರ ಹಸಿರು. ಅದರಾಚೆಗೆ ಒಣಗುತ್ತಾ ಒಣಗುತ್ತಾ ಮರಳು.

ಹೀಗೆ ಸುಮಾರು 35 ಎಕರೆ ಹುಲ್ಲುಹಾಸನ್ನು ಕಿತ್ತುಹಾಕಿದರು. ಲಕ್ಷಕ್ಕೂ ಹೆಚ್ಚು ವೈರ್‌ಗ್ರಾಸ್ ಸಸಿ ನೆಟ್ಟರು. ಸುಮಾರು 1,150 ಇದ್ದ ಸ್ಪ್ರಿಂಕ್ಲರ್‌ಗಳು 450ಕ್ಕೆ ಇಳಿದವು, ನೀರಿನ ಖರ್ಚೂ ಅದಕ್ಕೆ ತಕ್ಕಂತೆ ತಗ್ಗಿತು. ಹಳೆಯ ಮೈದಾನ ನವೀಕರಿಸಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಸುಮ್ಮನೆ ಬಿಟ್ಟಿದ್ದರೆ ಪ್ರತಿ ಬೇಸಿಗೆಯಲ್ಲೂ ಬೇಡದ ಹುಲ್ಲಿಗೆ ನೀರು ಸುರಿಯುತ್ತಲೇ ಇರಬೇಕಿತ್ತು.

2014ರ ಜೂನ್‌ನಲ್ಲಿ ಯು.ಎಸ್. ಓಪನ್ ಪುರುಷರ ಮತ್ತು ಮಹಿಳೆಯರ ಟೂರ್ನಿಗಳು ಮೊದಲ ಬಾರಿಗೆ ಒಂದೇ ಮೈದಾನದಲ್ಲಿ ಬೆನ್ನುಬೆನ್ನಿಗೆ ನಡೆದವು. ಮಾರ್ಟಿನ್ ಕೈಮರ್, ಮಿಶೆಲ್ ವೀ ಗೆದ್ದರು. ಟಿ.ವಿ.ಯಲ್ಲಿ ಕಂದು ನೆಲ ಕಂಡು ಮೂಗು ಮುರಿದವರೂ ಇದ್ದರು. ಆ ಸೀಮೆಯ ನೆಲದ ಬಣ್ಣವೇ ಅದು. ಅದೇ ವರ್ಷ ಗ್ರೀನ್‌ಗಳ ಬೆಂಟ್‌ಗ್ರಾಸ್ ತೆಗೆದು ಸೆಖೆ ತಾಳುವ ಬರ್ಮುಡಾ ತಳಿ ಹಾಕಿದರು. 2029ಕ್ಕೆ ಎರಡೂ ಟೂರ್ನಿಗಳು ಮತ್ತೆ ಇಲ್ಲಿಗೇ ಬರಲಿವೆ.