ಮಳೆಯ ಹಿಂದೆ ಹುಲ್ಲು, ಹುಲ್ಲಿನ ಹಿಂದೆ ಹಿಂಡು: ಉತ್ತರ ತಾಂಜಾನಿಯಾದ ಸಫಾರಿ

ಪೂರ್ವ ಆಫ್ರಿಕಾದ ತಾಂಜಾನಿಯಾ ದೇಶದಲ್ಲಿ ಅರುಷಾ ನಗರದಿಂದ ಪಶ್ಚಿಮಕ್ಕೆ ಹೊರಡುವ ಸಫಾರಿ ವಾಹನಗಳು ಸಾಮಾನ್ಯವಾಗಿ ತರಂಗಿರೆ, ಮಾನ್ಯಾರ ಸರೋವರ, ಗೊರೊಂಗೊರೊ ಮತ್ತು ಸೆರೆಂಗೆಟಿ ಎಂಬ ನಾಲ್ಕು ಸಂರಕ್ಷಿತ ಪ್ರದೇಶಗಳನ್ನು ಒಂದಾದ ಮೇಲೊಂದರಂತೆ ಸುತ್ತಿ, ಒಂದು ವಾರದ ಆಸುಪಾಸಿನಲ್ಲಿ ಮರಳಿ ಬರುತ್ತವೆ. ಪ್ರವಾಸ ಸಂಸ್ಥೆಗಳ ಕೈಪಿಡಿಗಳು ಇವನ್ನು ನಾಲ್ಕು ಬೇರೆ ಬೇರೆ ನೋಟಗಳೆಂಬಂತೆ ಪಟ್ಟಿ ಮಾಡುತ್ತವೆಯಾದರೂ, ವಾಸ್ತವದಲ್ಲಿ ಇವೆಲ್ಲವೂ ಒಂದೇ ಭೂಚರಿತ್ರೆಯ ಭಾಗಗಳು. ಭೂಮಿಯ ಮೇಲ್ಪದರ ಸೀಳಿ ಉಂಟಾದ ಮಹಾಬಿರುಕು ಕಣಿವೆ, ಅದರ ಅಂಚಿನಲ್ಲಿ ಎದ್ದ ಜ್ವಾಲಾಮುಖಿಗಳು, ಆ ಪರ್ವತಗಳು ತಡೆದು ಹಂಚುವ ಮಳೆ, ಈ ಮೂರೂ ಸೇರಿ ಯಾವ ಪ್ರಾಣಿ ಯಾವ ತಿಂಗಳಲ್ಲಿ ಎಲ್ಲಿರಬೇಕೆಂಬುದನ್ನು ನಿರ್ಧರಿಸುತ್ತವೆ. ಹಲವು ಉದ್ಯಾನಗಳನ್ನು ಒಂದೇ ಪ್ರವಾಸದಲ್ಲಿ ನೋಡುವುದರ ನಿಜವಾದ ಲಾಭ ಪ್ರಾಣಿಗಳ ಪಟ್ಟಿ ಉದ್ದವಾಗುವುದರಲ್ಲಿಲ್ಲ, ಈ ಸಂಬಂಧ ಕಣ್ಣಿಗೆ ಕಾಣುವುದರಲ್ಲಿದೆ.

ಸಣ್ಣ ಗುಂಪಿನ ಸಫಾರಿ ಎಂದರೆ ಒಂದೇ ವಾಹನದಲ್ಲಿ ಕೂರಬಲ್ಲ ನಾಲ್ಕರಿಂದ ಏಳು ಮಂದಿಯ ಪ್ರವಾಸ. ಇದಕ್ಕೆ ಬಳಕೆಯಾಗುವುದು ಹೆಚ್ಚಾಗಿ ಚಾಸಿಯನ್ನು ಉದ್ದಮಾಡಿ, ಎಲ್ಲರಿಗೂ ಕಿಟಕಿ ಪಕ್ಕದ ಸೀಟು ಸಿಗುವಂತೆ ಮತ್ತು ಮೇಲ್ಛಾವಣಿ ಎತ್ತಿ ನಿಂತು ನೋಡಲು ಬರುವಂತೆ ಮಾರ್ಪಡಿಸಿದ ಟೊಯೊಟಾ ಲ್ಯಾಂಡ್ ಕ್ರೂಸರ್. ಅದನ್ನು ಓಡಿಸುವ ಚಾಲಕನೇ ಮಾರ್ಗದರ್ಶಿಯೂ ಆಗಿರುತ್ತಾನೆ. ವಾಹನದ ಬಾಡಿಗೆ, ಡೀಸೆಲ್ ಮತ್ತು ಚಾಲಕನ ಸಂಬಳವನ್ನು ಗುಂಪು ಹಂಚಿಕೊಳ್ಳುವುದರಿಂದ ತಲಾ ವೆಚ್ಚ ಇಳಿಯುತ್ತದೆಯೇ ಹೊರತು, ಉದ್ಯಾನಗಳ ಪ್ರವೇಶ ಶುಲ್ಕ ಪ್ರತಿಯೊಬ್ಬರಿಗೂ ಬೇರೆಯಾಗಿಯೇ ಬೀಳುತ್ತದೆ. ನಾಗರಹೊಳೆ ಅಥವಾ ಬಂಡೀಪುರದ ಸಫಾರಿಗೆ ಹೋಗಿ ಬಂದವರಿಗೆ ಬೆಳಗಿನ ಮತ್ತು ಸಂಜೆಯ ನಿಗದಿತ ಸುತ್ತುಗಳ ಪರಿಚಯವಿದೆ. ಇಲ್ಲಿ ಹಾಗಲ್ಲದೆ, ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಒಳಹೊಕ್ಕ ವಾಹನ ಸಂಜೆಯವರೆಗೂ ಒಳಗೇ ಇರಬಹುದಾದ್ದರಿಂದ, ಯಾವ ಪ್ರಾಣಿಯ ಬಳಿ ಎಷ್ಟು ಹೊತ್ತು ನಿಲ್ಲಬೇಕೆಂಬುದು ವಾಹನದಲ್ಲಿರುವವರ ತೀರ್ಮಾನಕ್ಕೆ ಸೇರಿದ್ದು. ಆರು ಜನ ಒಮ್ಮತಕ್ಕೆ ಬರುವುದು ಇಪ್ಪತ್ತು ಜನರಿಗಿಂತ ಸುಲಭ, ಮತ್ತು ಕಾಡಿನಲ್ಲಿ ಕಾಯುವ ವ್ಯವಧಾನಕ್ಕಿಂತ ದೊಡ್ಡ ಸೌಕರ್ಯ ಬೇರೊಂದಿಲ್ಲ.

ಮೊದಲ ನಿಲುಗಡೆಯಾದ ತರಂಗಿರೆ ಸುಮಾರು 2,850 ಚದರ ಕಿಲೋಮೀಟರ್ ವಿಸ್ತಾರದ್ದು. 1970ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಜೂನ್‌ನಿಂದ ಅಕ್ಟೋಬರ್‌ವರೆಗಿನ ಒಣ ತಿಂಗಳುಗಳಲ್ಲಿ ಸುತ್ತಲಿನ ಬಯಲಿನ ನೀರೆಲ್ಲ ಬತ್ತಿದಾಗ ತರಂಗಿರೆ ನದಿಯೊಂದೇ ಆಸರೆಯಾಗಿ ಉಳಿಯುವುದರಿಂದ, ಬೇಸಿಗೆಯಲ್ಲಿ ಕಬಿನಿಯ ಹಿನ್ನೀರಿಗೆ ಆನೆಗಳು ಬಂದು ಸೇರುವ ಹಾಗೆಯೇ ಇಲ್ಲಿಯೂ ನೂರಾರು ಆನೆಗಳು ನದಿಯ ಇಕ್ಕೆಲಗಳಲ್ಲಿ ನೆರೆಯುತ್ತವೆ. ಹರಿವು ನಿಂತ ಕಡೆ ಅವು ಮುಂಗಾಲಿನಿಂದ ಮರಳು ಕೆದರಿ, ಸೊಂಡಿಲಿನಿಂದ ಗುಂಡಿ ತೋಡಿ, ಅಡಿಯಲ್ಲಿ ಒಸರುವ ತಿಳಿನೀರನ್ನು ಹೀರುತ್ತವೆ. ಅವು ಕುಡಿದು ಸರಿದ ಮೇಲೆ ಆ ಗುಂಡಿಗಳು ಇತರ ಪ್ರಾಣಿಗಳಿಗೂ ಒದಗುತ್ತವೆ. ಉದ್ಯಾನದ ತುಂಬ ನಿಂತಿರುವ ದೈತ್ಯಕಾಂಡದ ಬಾವೊಬಾಬ್ ಮರಗಳು ಕನ್ನಡಿಗರಿಗೆ ತೀರ ಅಪರಿಚಿತವೇನಲ್ಲ, ಏಕೆಂದರೆ ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡಹುಣಸೆಮರದ ಮಠದ ಆವರಣದ ಪ್ರಸಿದ್ಧ ಮರಗಳು ಇದೇ ಜಾತಿಯವು, ಆಫ್ರಿಕಾ ಮೂಲದವು. ಸವಣೂರಿನ ಮರಗಳನ್ನು ಭಕ್ತಿಯಿಂದ ಕಂಡವರು ತರಂಗಿರೆಯಲ್ಲಿ ಈ ಜಾತಿಯ ಇನ್ನೊಂದು ಬದುಕನ್ನು ಕಾಣುತ್ತಾರೆ: ಒಣಗಾಲದಲ್ಲಿ ಆನೆಗಳು ದಂತದಿಂದ ತೊಗಟೆಯನ್ನು ಸೀಳಿ, ನೀರು ತುಂಬಿದ ನಾರಿನಂಥ ತಿರುಳನ್ನು ಅಗಿಯುವುದರಿಂದ ಕಾಂಡದ ಮೇಲೆ ಆಳೆತ್ತರಕ್ಕೂ ಮೀರಿ ಗಾಯಗಳಿರುತ್ತವೆ, ಬೇರೆ ಮರವಾದರೆ ಸುತ್ತಲೂ ತೊಗಟೆ ಕಿತ್ತಾಗ ಸತ್ತೇ ಹೋಗುತ್ತದೆ, ಬಾವೊಬಾಬ್ ಮಾತ್ರ ಹೊಸ ತೊಗಟೆ ಬೆಳೆಸಿ ಗಾಯವನ್ನು ಮಾಯಿಸಿಕೊಳ್ಳುವುದರಿಂದ, ಹಳೆಯ ಮರಗಳ ಬುಡ ಮಡಿಕೆ ಮಡಿಕೆಯಾಗಿ ಕಾಣುತ್ತದೆ.

ಮಾನ್ಯಾರ ಸರೋವರ ಚಿಕ್ಕ ಉದ್ಯಾನ, ಅರ್ಧ ದಿನಕ್ಕೆ ಸಾಕು ಎಂದು ಹೆಚ್ಚಿನವರು ಮುಂದೆ ಸಾಗುತ್ತಾರೆ. ಆದರೆ ಮಹಾಬಿರುಕು ಕಣಿವೆಯ ಗೋಡೆಯನ್ನು ಬುಡದಿಂದ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಈ ಹಾದಿಯಲ್ಲಿಲ್ಲ. ಮೇಲಿನ ಎತ್ತರದ ನಾಡಿನಲ್ಲಿ ಸುರಿದ ಮಳೆ ಜ್ವಾಲಾಮುಖಿ ಶಿಲೆಗಳ ನಡುವೆ ಇಂಗಿ, ಗೋಡೆಯ ಬುಡದಲ್ಲಿ ಬುಗ್ಗೆಗಳಾಗಿ ಹೊರಬರುವುದರಿಂದ ಅಲ್ಲಿ ವರ್ಷವಿಡೀ ಹಸಿರಾಗಿರುವ ಕಾಡು ಬೆಳೆದಿದೆ; ಪಕ್ಕದಲ್ಲೇ ಇರುವ ಸರೋವರದ ನೀರು ಮಾತ್ರ ಕ್ಷಾರದ್ದು. ಆನೆಗಳ ಕುಟುಂಬ ಜೀವನವನ್ನು ಒಂದೊಂದು ಆನೆಯನ್ನೂ ಗುರುತಿಸಿ ದಾಖಲಿಸುವ ಅಧ್ಯಯನವನ್ನು ಇಯಾನ್ ಡಗ್ಲಸ್-ಹ್ಯಾಮಿಲ್ಟನ್ 1960ರ ದಶಕದಲ್ಲಿ ಆರಂಭಿಸಿದ್ದು ಈ ಉದ್ಯಾನದಲ್ಲಿಯೇ.

ಗೋಡೆಯನ್ನು ಹತ್ತಿ ಮೇಲೆ ಬಂದರೆ ಗೊರೊಂಗೊರೊ. ಸುಮಾರು 25 ಲಕ್ಷ ವರ್ಷಗಳ ಹಿಂದೆ ಬೃಹತ್ ಜ್ವಾಲಾಮುಖಿಯೊಂದು ತನ್ನೊಳಗಿನ ಶಿಲಾರಸವನ್ನು ಹೊರಹಾಕಿ, ಬರಿದಾದ ಒಡಲಿನೊಳಕ್ಕೆ ತಾನೇ ಕುಸಿದುಬಿದ್ದಾಗ ಉಂಟಾದ ಈ ಬಗೆಯ ಕುಳಿಯನ್ನು ಭೂವಿಜ್ಞಾನದಲ್ಲಿ ಕ್ಯಾಲ್ಡೆರಾ ಎನ್ನುತ್ತಾರೆ. ಸುಮಾರು 600 ಮೀಟರ್ ಆಳದ, 260 ಚದರ ಕಿಲೋಮೀಟರ್ ತಳವಿರುವ ಈ ಕುಳಿಯೊಳಗೆ ಸಿಂಹ, ಕತ್ತೆಕಿರುಬ, ಕಾಡೆಮ್ಮೆ, ಮುಪ್ಪಾದ ಉದ್ದ ದಂತದ ಗಂಡಾನೆಗಳು ಮತ್ತು ಅಪರೂಪದ ಕಪ್ಪು ಘೇಂಡಾಮೃಗಗಳು ಇವೆ. ಕಡಿದಾದ ಗೋಡೆಯನ್ನು ಇಳಿಯಲಾರದ ಜಿರಾಫೆಗಳು ಮಾತ್ರ ಇಲ್ಲ. ನೋಡುವವರಿಗೆ ಇದೊಂದು ಸುಭದ್ರ ಕೋಟೆಯಂತೆ ತೋರಿದರೂ ಆ ಭದ್ರತೆಗೆ ಒಂದು ಬೆಲೆಯಿದೆ. 1962ರಲ್ಲಿ ಅತಿಮಳೆಯ ನಂತರ ಕಚ್ಚುವ ನೊಣಗಳ ಹಾವಳಿ ಎದ್ದು ಇಲ್ಲಿನ ಸಿಂಹಗಳಲ್ಲಿ ಹತ್ತರಷ್ಟು ಮಾತ್ರ ಬದುಕಿ ಉಳಿದವು. ಹೊರಗಿನಿಂದ ಹೊಸ ಸಿಂಹಗಳು ಬಂದು ಸೇರುವುದು ತೀರ ವಿರಳವಾದ್ದರಿಂದ, ಮುಂದಿನ ಪೀಳಿಗೆಗಳು ಹತ್ತಿರದ ರಕ್ತಸಂಬಂಧದಲ್ಲಿಯೇ ಬೆಳೆದು, ಅವುಗಳ ವಂಶವಾಹಿ ವೈವಿಧ್ಯ ಕುಗ್ಗಿರುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಕುಳಿಗೆ ಇಳಿಯಲು ಪ್ರತಿ ವಾಹನಕ್ಕೆ 250 ಡಾಲರ್‌ನಷ್ಟು ಶುಲ್ಕ ಮತ್ತು ಅದರ ಮೇಲೆ ತೆರಿಗೆ ಇರುವುದರಿಂದ, ಗುಂಪಿನಲ್ಲಿ ಹೋಗುವ ಉಳಿತಾಯ ಎಲ್ಲಕ್ಕಿಂತ ಹೆಚ್ಚು ತಿಳಿಯುವುದು ಇಲ್ಲಿಯೇ.

ಗೊರೊಂಗೊರೊ ರಾಷ್ಟ್ರೀಯ ಉದ್ಯಾನವಲ್ಲ, ಸಂರಕ್ಷಣಾ ಪ್ರದೇಶ. ಅಂದರೆ ವನ್ಯಜೀವಿಗಳ ಜೊತೆಗೆ ದನಗಾಹಿಗಳಾದ ಮಸಾಯಿ ಜನರಿಗೂ ಇಲ್ಲಿ ವಾಸದ ಹಕ್ಕಿರುವಂತೆ 1959ರಲ್ಲಿ ರೂಪಿಸಿದ ವ್ಯವಸ್ಥೆ. ಅದಕ್ಕೆ ಹಿನ್ನೆಲೆಯೂ ಇದೆ. ಸೆರೆಂಗೆಟಿಯನ್ನು ಮನುಷ್ಯವಾಸವಿಲ್ಲದ ಉದ್ಯಾನವಾಗಿಸಲು ಬ್ರಿಟಿಷ್ ಆಡಳಿತ ಅಲ್ಲಿದ್ದ ಮಸಾಯಿಗಳನ್ನು ಹೊರಡಿಸಿದಾಗ, ಅವರಿಗೆ ಬದಲಾಗಿ ತೋರಿಸಿದ ನೆಲ ಇದು. ಈಗ ಜನ ಮತ್ತು ಜಾನುವಾರುಗಳ ಸಂಖ್ಯೆ ಮಿತಿಮೀರಿದೆಯೆಂಬ ಕಾರಣ ಕೊಟ್ಟು ತಾಂಜಾನಿಯಾ ಸರ್ಕಾರ 2022ರಿಂದ ಇಲ್ಲಿನ ಕುಟುಂಬಗಳನ್ನು ದೂರದ ಹಂಡೇನಿ ಜಿಲ್ಲೆಯ ಮ್ಸೊಮೆರಾ ಎಂಬಲ್ಲಿಗೆ ಸಾಗಿಸುತ್ತಿದ್ದು, ಸರ್ಕಾರ ಇದನ್ನು ಸ್ವಯಂಪ್ರೇರಿತ ಸ್ಥಳಾಂತರ ಎಂದರೆ, ಮಾನವ ಹಕ್ಕು ಸಂಘಟನೆಗಳು ಶಾಲೆ ಆಸ್ಪತ್ರೆಗಳ ಸೌಲಭ್ಯ ಕಡಿತಗೊಳಿಸಿ ಜನರನ್ನು ಬಲವಂತವಾಗಿ ಹೊರಡಿಸಲಾಗುತ್ತಿದೆ ಎನ್ನುತ್ತವೆ. ನಾಗರಹೊಳೆಯ ಜೇನುಕುರುಬರ ಪುನರ್ವಸತಿಯ ಚರ್ಚೆಯನ್ನು ಬಲ್ಲ ಕನ್ನಡ ಓದುಗರಿಗೆ ಈ ವಾದದ ಎರಡೂ ಕಡೆ ಪರಿಚಿತವೇ. ಕುಳಿಯ ಅಂಚಿನ ತಂಗುದಾಣದಲ್ಲಿ ನಿಂತು ಕೆಳಗಿನ ನೋಟವನ್ನು ಸವಿಯುವವರು, ಆ ನೋಟ ಯಾರ ಊರಿನದು ಎಂಬುದನ್ನೂ ತಿಳಿದಿರಬೇಕಾದದ್ದು ನ್ಯಾಯ.

ಗೊರೊಂಗೊರೊದಿಂದ ಸೆರೆಂಗೆಟಿಗೆ ಇಳಿಯುವ ಹಾದಿ ಮಣ್ಣಿನದು, ದೂಳಿನದು. ನಡುವೆ ಸಿಗುವ ಒಲ್ಡುವಾಯಿ ಕಮರಿಯಲ್ಲಿ ಮೇರಿ ಲೀಕಿ 1959ರಲ್ಲಿ ಸುಮಾರು 17.5 ಲಕ್ಷ ವರ್ಷ ಹಳೆಯ ಮಾನವಸದೃಶ ಜೀವಿಯ ತಲೆಬುರುಡೆಯನ್ನು ಕಂಡುಹಿಡಿದರು. ಅಲ್ಲಿಗೆ ಸಮೀಪದ ಲಾಯೆಟೋಲಿಯಲ್ಲಿ ಎರಡು ಕಾಲಿನ ಮೇಲೆ ನಡೆದವರ 36 ಲಕ್ಷ ವರ್ಷಗಳ ಹಿಂದಿನ ಹೆಜ್ಜೆಗುರುತುಗಳು ಉಳಿದುಬಂದದ್ದು ಜ್ವಾಲಾಮುಖಿಯ ಬೂದಿಯಲ್ಲಿ. ಮುಂದಿನ ಬಯಲನ್ನು ರೂಪಿಸಿರುವುದೂ ಬೂದಿಯೇ.

ಸೆರೆಂಗೆಟಿಯ ಆಗ್ನೇಯ ಬಯಲಿನಲ್ಲಿ ಮರಗಳೇ ಇಲ್ಲದಿರುವುದು ಮೊದಲು ಗಮನಕ್ಕೆ ಬರುವ ಸಂಗತಿ. ಬೂದಿ ಬಿದ್ದು ಉಂಟಾದ ಮಣ್ಣಿನ ಅಡಿಯಲ್ಲಿ ಸುಣ್ಣಗಟ್ಟಿದ ಗಟ್ಟಿ ಪದರವಿದ್ದು, ಮರದ ಬೇರು ಅದನ್ನು ಭೇದಿಸಲಾರದು. ಆದರೆ ಅದೇ ಮಣ್ಣಿನಲ್ಲಿ ಬೆಳೆಯುವ ಮೋಟು ಹುಲ್ಲಿನಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ ಹೇರಳವಾಗಿದ್ದು, ಬಾಣಂತಿ ಪ್ರಾಣಿಗಳಿಗೆ ಅದು ಶ್ರೇಷ್ಠ ಮೇವು. ತೊಂದರೆಯೆಂದರೆ, ಗೊರೊಂಗೊರೊದ ಪರ್ವತಗಳು ಪೂರ್ವದ ತೇವಭರಿತ ಗಾಳಿಯನ್ನು ತಡೆಯುವುದರಿಂದ ಈ ಬಯಲು ಮಳೆನೆರಳಿನಲ್ಲಿದೆ. ಮಳೆ ನಿಂತೊಡನೆ ಹುಲ್ಲೂ ನೀರೂ ಮುಗಿಯುತ್ತವೆ. ವಾಯವ್ಯದ ವಿಕ್ಟೋರಿಯಾ ಸರೋವರದ ಕಡೆ ಮಳೆ ಹೆಚ್ಚು, ಆದರೆ ಅಲ್ಲಿನ ಹುಲ್ಲು ಎತ್ತರವಾಗಿದ್ದರೂ ಸತ್ವ ಕಡಿಮೆ. ಸತ್ವವಿರುವಲ್ಲಿ ನೀರಿಲ್ಲ, ನೀರಿರುವಲ್ಲಿ ಸತ್ವವಿಲ್ಲ ಎಂಬ ಈ ಇಕ್ಕಟ್ಟೇ ಮಹಾವಲಸೆಯೆಂದು ಜಗತ್ತು ಕೊಂಡಾಡುವ ಸಂಚಾರಕ್ಕೆ ಕಾರಣ. ಸುಮಾರು 13 ಲಕ್ಷ ವೈಲ್ಡ್‌ಬೀಸ್ಟ್‌ಗಳು, ಅಂದರೆ ದನದ ಮೈಕಟ್ಟಿನ, ಗಡ್ಡವಿರುವ ದೊಡ್ಡ ಹುಲ್ಲೆವರ್ಗದ ಪ್ರಾಣಿಗಳು, ಜೊತೆಗೆ ಲಕ್ಷಗಟ್ಟಲೆ ಜೀಬ್ರಾ ಮತ್ತು ಗೆಜೆಲ್‌ಗಳು, ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಆಗ್ನೇಯದ ಬಯಲಿನಲ್ಲಿದ್ದು, ಮೇ ಜೂನ್ ಹೊತ್ತಿಗೆ ಪಶ್ಚಿಮದ ಗ್ರುಮೆಟಿ ನದಿಯ ಕಡೆಗೆ, ಜುಲೈಯಿಂದ ಅಕ್ಟೋಬರ್‌ವರೆಗೆ ಉತ್ತರದ ಮಾರಾ ನದಿಯನ್ನು ದಾಟಿ ಕೀನ್ಯಾದ ಕಡೆಗೆ ಹೋಗಿ, ನವೆಂಬರ್‌ನ ಮಳೆಯೊಡನೆ ದಕ್ಷಿಣಕ್ಕೆ ಮರಳುತ್ತವೆ. ಜೀಬ್ರಾ ಒರಟು ಕಡ್ಡಿಯನ್ನು ಮೇದ ಮೇಲೆ ವೈಲ್ಡ್‌ಬೀಸ್ಟ್‌ಗೆ ಎಲೆ ಸಿಗುತ್ತದೆ, ಅದು ಮೇದು ಮುಗಿಸಿದ ನೆಲದಲ್ಲಿ ಚಿಗುರುವ ಎಳೆಹುಲ್ಲು ಪುಟ್ಟ ಗೆಜೆಲ್‌ಗಳ ಪಾಲಾಗುತ್ತದೆ.

ಈ ಸಂಖ್ಯೆ ಅನಾದಿಯಿಂದ ಹೀಗೆಯೇ ಇತ್ತೆಂದು ತಿಳಿಯುವುದು ತಪ್ಪು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಹೊರಗಿನಿಂದ ಬಂದ ದನಗಳ ಮೂಲಕ ಆಫ್ರಿಕಾ ಹೊಕ್ಕ ರಿಂಡರ್‌ಪೆಸ್ಟ್, ಅಂದರೆ ನಮ್ಮ ರೈತರು ದೊಡ್ಡರೋಗವೆಂದು ಕರೆಯುತ್ತಿದ್ದ ಜಾನುವಾರು ವ್ಯಾಧಿ, ಮಸಾಯಿಗಳ ದನಗಳನ್ನೂ ಕಾಡಿನ ಗೊರಸು ಪ್ರಾಣಿಗಳನ್ನೂ ಗುಂಪುಗುಂಪಾಗಿ ಕೊಂದು ಭೀಕರ ಕ್ಷಾಮ ತಂದಿತು. ನಂತರವೂ ದಶಕಗಳ ಕಾಲ ವೈಲ್ಡ್‌ಬೀಸ್ಟ್ ಕರುಗಳು ಅದಕ್ಕೆ ಬಲಿಯಾಗುತ್ತಲೇ ಇದ್ದವು. ಸುತ್ತಲಿನ ದನಗಳಿಗೆ ಲಸಿಕೆ ಹಾಕಿದ ಮೇಲೆ ಕಾಡಿನ ಪ್ರಾಣಿಗಳಲ್ಲಿಯೂ ರೋಗ ತಾನಾಗಿ ಮರೆಯಾಗಿ, 1960ರ ದಶಕದ ಆರಂಭದಲ್ಲಿ ಎರಡೂವರೆ ಲಕ್ಷದಷ್ಟಿದ್ದ ವೈಲ್ಡ್‌ಬೀಸ್ಟ್‌ಗಳು 1970ರ ದಶಕದ ಕೊನೆಗೆ 13 ಲಕ್ಷ ಮುಟ್ಟಿದವು. ಹಿಂಡು ಬೆಳೆದಂತೆ ಒಣಹುಲ್ಲು ಕಡಿಮೆಯಾಗಿ, ಕಾಳ್ಗಿಚ್ಚು ಇಳಿದು, ಸುಡದೆ ಉಳಿದ ಸಸಿಗಳು ಮರಗಳಾದವು. ಕೊಟ್ಟಿಗೆಯ ದನಗಳಿಗೆ ಹಾಕಿದ ಲಸಿಕೆ ಕಾಡಿನ ಮರಗಳನ್ನು ಹೆಚ್ಚಿಸಿತೆಂಬ ಈ ಸಂಗತಿ, ಸೆರೆಂಗೆಟಿ ಕಲಿಸಿದ ಪಾಠಗಳಲ್ಲೆಲ್ಲ ಅತ್ಯಂತ ಅಚ್ಚರಿಯದು. ಭಾರತ ಈ ರೋಗದಿಂದ ಮುಕ್ತವೆಂಬ ಮಾನ್ಯತೆ ಪಡೆದದ್ದು 2006ರಲ್ಲಿ. ಇಡೀ ಜಗತ್ತೇ ಮುಕ್ತವೆಂಬ ಘೋಷಣೆ ಹೊರಬಿದ್ದದ್ದು 2011ರಲ್ಲಿ.

ಹೀಗಾಗಿ, ಹೋಗಲು ಯಾವ ತಿಂಗಳು ಒಳ್ಳೆಯದು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ವೈಲ್ಡ್‌ಬೀಸ್ಟ್‌ಗಳು ಕರು ಹಾಕುವ ಕಾಲ ನೋಡಬೇಕೆನ್ನುವವರು ಫೆಬ್ರವರಿಯಲ್ಲಿ ಗೊರೊಂಗೊರೊ ಮತ್ತು ಸೆರೆಂಗೆಟಿ ಸೇರುವ ಎಂಡುಟು ಬಯಲಿನಲ್ಲಿ ಹೆಚ್ಚು ದಿನ ಇಡಬೇಕು. ತರಂಗಿರೆಯ ಆನೆಗಳು ಮುಖ್ಯವೆನ್ನುವವರು ಒಣಗಾಲವನ್ನು ಆರಿಸಬೇಕು, ಆಗ ವೈಲ್ಡ್‌ಬೀಸ್ಟ್ ಹಿಂಡುಗಳು ದೂರದ ಉತ್ತರದಲ್ಲಿರುತ್ತವೆ. ಮಾರಾ ನದಿ ದಾಟುವ ದೃಶ್ಯಕ್ಕಾಗಿಯೇ ಹೋಗುವವರು, ದಿನಗಟ್ಟಲೆ ಕಾದರೂ ಹಿಂಡು ನೀರಿಗಿಳಿಯದೆ ಹಿಂದಿರುಗಬಹುದೆಂಬುದಕ್ಕೆ ಸಿದ್ಧರಿರಬೇಕು. ಆ ದಾಟುವಿಕೆಯಲ್ಲಿ ವರ್ಷಕ್ಕೆ ಸರಾಸರಿ ಆರು ಸಾವಿರಕ್ಕೂ ಹೆಚ್ಚು ಪ್ರಾಣಿಗಳು ಮುಳುಗಿ ಸಾಯುತ್ತವೆ. ಅವುಗಳ ದೇಹಗಳು ಮೀನು, ಮೊಸಳೆ, ರಣಹದ್ದುಗಳಿಗೆ ಆಹಾರವಾಗಿ, ಮೂಳೆಗಳು ವರ್ಷಗಟ್ಟಲೆ ನದಿಗೆ ರಂಜಕವನ್ನು ಬಿಟ್ಟುಕೊಡುತ್ತವೆ.

ಸಿದ್ಧತೆಯ ವಿಷಯದಲ್ಲಿ ಕೆಲವು ಮಾತು ಸಾಕು. ಕೀನ್ಯಾ, ಇಥಿಯೋಪಿಯಾಗಳಂಥ ದೇಶಗಳ ಮೂಲಕ ಹೋಗಿ ಬರುವವರು ಹಳದಿ ಜ್ವರದ ಲಸಿಕೆಯನ್ನು ಸರ್ಕಾರದ ಮಾನ್ಯತೆಯಿರುವ ಕೇಂದ್ರದಲ್ಲಿ ಕನಿಷ್ಠ ಹತ್ತು ದಿನ ಮೊದಲೇ ಹಾಕಿಸಿಕೊಂಡು ಪ್ರಮಾಣಪತ್ರ ಜೊತೆಗಿಟ್ಟುಕೊಳ್ಳಬೇಕು, ಇಲ್ಲವಾದರೆ ಭಾರತಕ್ಕೆ ಮರಳಿದಾಗ ವಿಮಾನ ನಿಲ್ದಾಣದಲ್ಲಿಯೇ ತಡೆದು ಪ್ರತ್ಯೇಕವಾಗಿಡುವ ಸಂಭವವಿದೆ; ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಬೇಕು. ತರಂಗಿರೆ ಮತ್ತು ಪಶ್ಚಿಮ ಸೆರೆಂಗೆಟಿಯ ಸೆಟ್ಸಿ ನೊಣ ಕಡುನೀಲಿ ಮತ್ತು ಕಪ್ಪು ಬಟ್ಟೆಗೆ ಆಕರ್ಷಿತವಾಗುವುದರಿಂದ ಮಣ್ಣಿನ ಬಣ್ಣದ ಉಡುಪು ಲೇಸು. ಗೊರೊಂಗೊರೊದ ಅಂಚು 2,300 ಮೀಟರ್‌ನಷ್ಟು ಎತ್ತರದಲ್ಲಿರುವುದರಿಂದ ಸ್ವೆಟರ್ ಬೇಕೇ ಬೇಕು. ಪ್ಲಾಸ್ಟಿಕ್ ಕೈಚೀಲಗಳನ್ನು ತಾಂಜಾನಿಯಾ 2019ರಲ್ಲಿ ನಿಷೇಧಿಸಿದೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ವಾಹನದ ನಡತೆ. ಒಬ್ಬ ಚಾಲಕನಿಗೆ ಚೀತಾ ಕಂಡರೆ ರೇಡಿಯೊದಲ್ಲಿ ಸುದ್ದಿ ಹರಡಿ, ಸ್ವಲ್ಪ ಹೊತ್ತಿನಲ್ಲಿ ಇಪ್ಪತ್ತು ಮೂವತ್ತು ವಾಹನಗಳು ಅದನ್ನು ಸುತ್ತುವರಿಯುವುದುಂಟು. ಸಿಂಹ ಮತ್ತು ಕತ್ತೆಕಿರುಬಗಳ ಕಾಟ ತಪ್ಪಿಸಿಕೊಳ್ಳಲು ಹಗಲಿನಲ್ಲಿ ಬೇಟೆಯಾಡುವ ಚೀತಾಗೆ ಇದರಿಂದ ಬೇಟೆಯೇ ಕೆಡುತ್ತದೆ. ಕೀನ್ಯಾದ ಮಸಾಯಿ ಮಾರಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪ್ರವಾಸಿಗರು ಕಡಿಮೆಯಿರುವ ಕಡೆ ತಾಯಿ ಚೀತಾ ಒಂದು ಸೂಲಿನಲ್ಲಿ ಸರಾಸರಿ 2.3 ಮರಿಗಳನ್ನು ಬೆಳೆಸಿ ದೊಡ್ಡದು ಮಾಡಿದರೆ, ಪ್ರವಾಸಿಗರು ಹೆಚ್ಚಿರುವ ಕಡೆ ಆ ಸಂಖ್ಯೆ 0.2ಕ್ಕೆ ಇಳಿದಿತ್ತು. ಸೆರೆಂಗೆಟಿಯಲ್ಲಿ ದಾರಿ ಬಿಟ್ಟು ವಾಹನ ಇಳಿಸಬಾರದೆಂಬ ನಿಯಮವಿದ್ದರೂ, ಹತ್ತಿರದ ಚಿತ್ರ ಸಿಗದೆ ಗಿರಾಕಿಗಳು ಅಸಮಾಧಾನಗೊಂಡರೆ ಕೊನೆಯಲ್ಲಿ ಸಿಗುವ ಭಕ್ಷೀಸು ಕಡಿಮೆಯಾದೀತೆಂಬ ಭಯ ಚಾಲಕರನ್ನು ಆ ನಿಯಮದ ಅಂಚಿಗೆ ತಳ್ಳುತ್ತದೆ. ಆದ್ದರಿಂದ ಗುಂಪಿನವರು ಅರುಷಾದಲ್ಲಿ ಹೊರಡುವ ಮುನ್ನವೇ ತಮ್ಮೊಳಗೆ ಮಾತಾಡಿಕೊಂಡು, ರೇಡಿಯೊದ ಹಿಂದೆ ಓಡುವ ಅಗತ್ಯವಿಲ್ಲ, ನಾಲ್ಕೈದು ವಾಹನಗಳು ಸೇರಿದ ಕಡೆಯಿಂದ ಹೊರಟುಬಿಡೋಣ, ಭಕ್ಷೀಸಿಗೆ ಇದರಿಂದ ಕೊರತೆಯಾಗದು ಎಂದು ಚಾಲಕನಿಗೆ ಸ್ಪಷ್ಟವಾಗಿ ತಿಳಿಸುವುದು ಒಳ್ಳೆಯದು; ಹೆಚ್ಚಿನ ಚಾಲಕರು ಅದನ್ನು ಕೇಳಿ ನಿರಾಳರಾಗಿ, ತಮಗೆ ಗೊತ್ತಿರುವ ನಿರ್ಜನ ದಾರಿಗಳಿಗೆ ವಾಹನ ತಿರುಗಿಸುತ್ತಾರೆ.