ಬಿಸಿಯನ್ನು ಕಾಣುವ ಹಾವು

ಆಗುಂಬೆ ಸೀಮೆಯ ಹಳ್ಳದ ಗುಂಡಿಗಳಿಗೆ ಈಜಲು ಹೋಗುವವರಿಗೆ ಉಂಬಳದ ಚಿಂತೆ ಇರುತ್ತದೆ, ನೀರಿನ ಸೆಳೆತದ ಭಯವೂ ಇರುತ್ತದೆ. ದಂಡೆಯ ಬಂಡೆ ಮೇಲೆ ಏನು ಕೂತಿದೆ ಎಂದು ನೋಡುವವರು ಕಡಿಮೆ. ಮಳೆಗಾಲದ ಕೊನೆಯಲ್ಲಿ ಮನೆಮಂದಿಯೆಲ್ಲ ಕಾಡುದಾರಿ ಹಿಡಿದು ಅಂಥದೊಂದು ಗುಂಡಿಗೆ ಹೋಗಿದ್ದೆವು. ತಮ್ಮನ ಮಗಳು ನೀರಿಗಿಳಿಯಲು ಬಂಡೆಗೆ ಕೈ ಊರಬೇಕು ಎನ್ನುವಷ್ಟರಲ್ಲಿ, ದಾರಿ ತೋರಿಸಲು ಬಂದಿದ್ದ ಊರಿನ ಹಿರಿಯರು ‘ಅಲ್ಲಿ ಕೈ ಇಡ್ಬೇಡ ಕೂಸೇ, ಹಾವಿದೆ’ ಎಂದರು. ಎಷ್ಟು ಕಣ್ಣರಳಿಸಿದರೂ ನಮಗೆ ಕಂಡದ್ದು ಪಾಚಿ ಮತ್ತು ತರಗೆಲೆ. ಆಮೇಲೆ ಆ ಪಾಚಿಯ ನಡುವೆ ಒಂದು ಕಣ್ಣು ಕಂಡಿತು. ಅದರ ಪಾಪೆ ನಿಲುವಾಗಿ ಸೀಳಿದ ಗೆರೆ. ಅದರ ಸುತ್ತ ತ್ರಿಕೋನಾಕಾರದ ತಲೆ, ಸುರುಳಿ ಸುತ್ತಿದ ಹಸಿರು-ಕಂದು ಮೈ. ಹುಡುಗಿ ನಾಲ್ಕು ಹೆಜ್ಜೆ ಹಿಂದೆ ಸರಿದು ಕೇಳಿದಳು: ‘ದೊಡ್ಡಪ್ಪ, ಅದು ನಮ್ಮನ್ನ ನೋಡಿರುತ್ತೆ ಅಲ್ವಾ? ಮತ್ತೆ ಯಾಕೆ ಓಡಿ ಹೋಗ್ಲಿಲ್ಲ?’

ಅದು ಮಲಬಾರ್ ಗುಳಿಮಂಡಲ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆಲ್ಲೂ ಸಿಗದ ಹಾವು. ಉದ್ದ ಒಂದು ಮೀಟರ್ ದಾಟುವುದು ಅಪರೂಪ. ಹಸಿರು, ಕಂದು, ಹಳದಿ ಹೀಗೆ ಒಂದೇ ಜಾತಿಯಲ್ಲಿ ಹಲವು ಬಣ್ಣಗಳಿರುವುದರಿಂದ, ಪಕ್ಕಪಕ್ಕದ ಎರಡು ಹಾವುಗಳನ್ನು ಕಂಡವರಿಗೂ ಬೇರೆ ಬೇರೆ ಜಾತಿ ಎಂದೇ ಅನಿಸಬಹುದು. ಮೊಟ್ಟೆಯಿಡದೆ ಮರಿ ಹಾಕುತ್ತದೆ. ಬೇಟೆಗಾಗಿ ಅಲೆಯುವುದಿಲ್ಲ. ಕಪ್ಪೆ, ಹಲ್ಲಿ, ಇಲಿ ಓಡಾಡುವ ಜಾಗ ನೋಡಿಕೊಂಡು ಕೂತುಬಿಡುತ್ತದೆ. ಒಂದೇ ಬಂಡೆ, ಒಂದೇ ಕೊಂಬೆಯ ಮೇಲೆ ದಿನಗಟ್ಟಲೆ ಹಾಗೇ ಇರಬಲ್ಲದು.

ಹುಡುಗಿಯ ಮೊದಲ ಪ್ರಶ್ನೆಗೆ ಉತ್ತರ ಅದರ ಮುಖದಲ್ಲೇ ಇದೆ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ, ಎರಡೂ ಕಡೆ ಒಂದೊಂದು ಗುಳಿ. ದೂರದಿಂದ ನೋಡಿದವರಿಗೆ ಅದು ಇನ್ನೊಂದು ಹೊಳ್ಳೆಯೆಂದೇ ತೋರುತ್ತದೆ. ಒಳಗೆ ತಮಟೆಗೆ ಚರ್ಮ ಬಿಗಿದಂತೆ ತೆಳುಪೊರೆಯೊಂದು ಅಡ್ಡಲಾಗಿ ನಿಂತಿದೆ. ಅದರ ದಪ್ಪ ಸುಮಾರು 15 ಮೈಕ್ರೊಮೀಟರ್ ಮಾತ್ರ. ಪೊರೆಯ ಹಿಂದೆ ಗಾಳಿ ತುಂಬಿದ ಪೊಳ್ಳು ಜಾಗ ಇರುವುದರಿಂದ ಪೊರೆಗೆ ತಾಗಿದ ಬಿಸಿ ತಲೆಯ ಮಾಂಸಕ್ಕೆ ಇಳಿದುಹೋಗುವುದಿಲ್ಲ. ಇಷ್ಟು ತೆಳ್ಳಗಿರುವ ಪೊರೆ ಬಿಸಿಯಾಗಲೂ ಕ್ಷಣ ಸಾಕು, ತಣಿಯಲೂ ಕ್ಷಣ ಸಾಕು. ಪೊರೆಯ ತುಂಬ ನರದ ತುದಿಗಳು. ಡಿಗ್ರಿಯ ಸಾವಿರದಲ್ಲಿ ಕೆಲವೇ ಪಾಲಿನಷ್ಟು ತಾಪ ಬದಲಾದರೂ ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಇಂಥ ಅಳತೆಗಳು ಹೆಚ್ಚಾಗಿ ಸಿಕ್ಕಿರುವುದು ಅಮೆರಿಕದ ಗಿಲಿಕೆ ಹಾವು, ಅಂದರೆ ರ‍್ಯಾಟಲ್‌ಸ್ನೇಕ್‌ನಿಂದ. ಅದೂ ನಮ್ಮ ಗುಳಿಮಂಡಲದ ಬಳಗದ್ದೇ.

ಇದರ ಒಳಗುಟ್ಟು ಬಿಚ್ಚಿಕೊಂಡದ್ದು 2010ರಲ್ಲಿ. ಕ್ಯಾಲಿಫೋರ್ನಿಯಾದ ಡೇವಿಡ್ ಜೂಲಿಯಸ್ ಅವರ ತಂಡ ಗಿಲಿಕೆ ಹಾವಿನ ಗುಳಿಯ ನರಗಳಲ್ಲಿ ಟಿಆರ್‌ಪಿಎ1 ಎಂಬ ಪ್ರೋಟೀನ್ ಹೇರಳವಾಗಿರುವುದನ್ನು ಕಂಡಿತು. ಇದೇ ಪ್ರೋಟೀನ್ ನಮ್ಮ ನಿಮ್ಮ ನರಗಳಲ್ಲೂ ಇದೆ. ಸಾಸಿವೆ ಅರೆಯುವಾಗ ಮೂಗಿಗೆ ಅಡರುವ ಘಾಟು ಗೊತ್ತಾಗುವುದು ಅದರಿಂದಲೇ. ನಮ್ಮಲ್ಲಿ ಘಾಟಿನ ಎಚ್ಚರಿಕೆ ಕೊಡುವ ಬಾಗಿಲು, ಹಾವಿನಲ್ಲಿ ಸುಮಾರು 28 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ತೆರೆದುಕೊಳ್ಳುವಂತೆ ಮಾರ್ಪಟ್ಟಿದೆ. ವಿಕಾಸ ಹೊಸ ಅಂಗಕ್ಕೆ ಹೊಸ ಸಾಮಾನು ತರದೆ, ಇದ್ದುದನ್ನೇ ತಿದ್ದಿಕೊಂಡ ಈ ಬಗೆಗಿಂತ ಸೊಗಸಾದ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ. ಹೆಬ್ಬಾವಿನ ತುಟಿಯಂಚಿನಲ್ಲೂ ಇಂಥ ಗುಳಿಗಳಿವೆ. ಅವು ಬೇರೆಯದೇ ದಾರಿಯಲ್ಲಿ ಹುಟ್ಟಿಕೊಂಡವು. ತಾಪ ಮತ್ತು ಸ್ಪರ್ಶವನ್ನು ದೇಹ ಅರಿಯುವ ಬಗೆಯನ್ನು ಬಿಡಿಸಿದ್ದಕ್ಕೆ ಜೂಲಿಯಸ್ ಅವರಿಗೆ 2021ರಲ್ಲಿ ಆರ್ಡೆಮ್ ಪಟಪೂಟಿಯನ್ ಅವರ ಜೊತೆ ನೊಬೆಲ್ ಬಂತು.

ಗುಳಿಯಿಂದ ಬಂದ ಸುದ್ದಿಯೂ ಕಣ್ಣಿನಿಂದ ಬಂದ ಸುದ್ದಿಯೂ ಹಾವಿನ ಮಿದುಳಿನ ಒಂದೇ ಭಾಗದಲ್ಲಿ ಸೇರುತ್ತವೆ. ಕತ್ತಲಲ್ಲಿ ಕಣ್ಣು ಸೋತರೂ ಇಲಿಯ ಮೈಬಿಸಿ ಅದಕ್ಕೆ ದಿಕ್ಕು ತೋರಿಸುತ್ತದೆ. ಇಲ್ಲೊಂದು ಅನುಮಾನ ಬರಬಹುದು: ಕಪ್ಪೆಗೆ ಮೈಬಿಸಿಯೇ ಇಲ್ಲವಲ್ಲ? ಗುಳಿ ಗುರುತಿಸುವುದು ಬಿಸಿಯನ್ನು ಮಾತ್ರವಲ್ಲ, ವ್ಯತ್ಯಾಸವನ್ನು. ಅದರ ನರಗಳು ಸುಮ್ಮನಿದ್ದಾಗಲೂ ಸಣ್ಣಗೆ ಮಿಡಿಯುತ್ತಿರುತ್ತವೆ. ಎದುರಿಗೆ ಬಿಸಿ ಬಂದರೆ ಮಿಡಿತ ಏರುತ್ತದೆ, ತಂಪು ಬಂದರೆ ಇಳಿಯುತ್ತದೆ. ನೆನೆದ ಚರ್ಮದ ಕಪ್ಪೆ ಸುತ್ತಲಿನ ಕಲ್ಲಿಗಿಂತ ತಂಪಾಗಿದ್ದರೆ, ಆ ತಂಪೇ ಅದನ್ನು ಹಿಡಿದುಕೊಡಬಹುದು.

ಇನ್ನು ಎರಡನೆಯ ಪ್ರಶ್ನೆ. ತಣ್ಣನೆಯ ಬಂಡೆಯ ಹಿನ್ನೆಲೆಯಲ್ಲಿ ಹುಡುಗಿಯ ಬೆಚ್ಚನೆಯ ಅಂಗೈ ಆ ಹಾವಿಗೆ ಚೆನ್ನಾಗಿಯೇ ಗೊತ್ತಾಗಿರಬೇಕು. ಆದರೂ ಕದಲಲಿಲ್ಲ. ಕೇರೆಹಾವು ಓಡಿ ಬದುಕುತ್ತದೆ, ಗುಳಿಮಂಡಲ ಕದಲದೆ ಬದುಕುತ್ತದೆ. ಬಂಡೆಯಲ್ಲಿ ಬಂಡೆಯಾಗಿರುವುದೇ ಅದರ ರಕ್ಷಣೆ. ಮುಟ್ಟುವಷ್ಟು ಹತ್ತಿರ ಕೈ ಬಂದಾಗ, ತುಳಿತಕ್ಕೆ ಸಿಕ್ಕಾಗ ಮಾತ್ರ ಕಚ್ಚುತ್ತದೆ. ಅದು ನಮ್ಮ ಮೇಲೆ ಹೊಂಚು ಹಾಕುತ್ತಿಲ್ಲ. ಕಪ್ಪೆಗೆ ಕಾಯುತ್ತಿರುವ ಜಾಗಕ್ಕೆ ನಾವು ಹೋಗಿರುತ್ತೇವೆ.

ಇದರ ಕಡಿತದಿಂದ ವಿಪರೀತ ನೋವು, ಬಾವು ಬರುತ್ತದೆ, ಸಾವು ಅಪರೂಪ. ಹಾಗೆಂದು ಹಗುರವಾಗಿ ತೆಗೆದುಕೊಳ್ಳಬಾರದು. ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದಿಂದ. ಗುಳಿಮಂಡಲದ ವಿಷಕ್ಕೆಂದೇ ತಯಾರಿಸಿದ ಪ್ರತಿವಿಷ ಇಲ್ಲಿಲ್ಲ. ಹೀಗಾಗಿ ಆಸ್ಪತ್ರೆಯ ನಿಗಾ ಬೇಕೇ ಬೇಕು. ಯಾವ ಹಾವೇ ಕಚ್ಚಿರಲಿ, ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಾವನ್ನು ಹಿಡಿದು ತರಲು ಹೋಗಬೇಡಿ. ಉಂಗುರ, ಬಳೆ ತೆಗೆದು, ಕೈಕಾಲು ಅಲುಗದಂತೆ ನೋಡಿಕೊಂಡು ಬೇಗ ಆಸ್ಪತ್ರೆ ಸೇರಿಸಿ. ಮಕ್ಕಳನ್ನು ಹಳ್ಳಕ್ಕೆ ಕರೆದೊಯ್ಯುವಾಗ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಕೈ ಊರುವ ಮೊದಲು ಬಂಡೆಯನ್ನು ಒಮ್ಮೆ ಸರಿಯಾಗಿ ನೋಡಿ. ಹಾವು ಕಂಡರೆ ಕಲ್ಲೆಸೆಯದೆ, ಕೋಲು ಚುಚ್ಚದೆ, ಬಳಸಿಕೊಂಡು ಬೇರೆ ಕಡೆಯಿಂದ ನೀರಿಗಿಳಿಯಿರಿ.